ಮೆಣಸಿನಕಾಯಿ ಪೇಟೆಯಲ್ಲಿ ಉರಿಯುವ ಬಾಯಿ

ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸಂಕ್ರಾಂತಿ ಕಳೆದು ಆವಕ ಏರಿದರೆ ಇಲ್ಲಿ ಗಾಳಿಯೇ ಖಾರ. ಹೊಸಬರು ಸೀನುತ್ತ ಹೊರಗೆ ಓಡುತ್ತಾರೆ. ನಾನು ಮೂಗಿಗೆ ಸೆರಗು ಹಿಡಿಯುವುದನ್ನೂ ಮರೆತು ಕೂಡಿಸಿ ಕಳೆಯುತ್ತಿರುತ್ತೇನೆ. ಅಂಥ ನನಗೆ ಮೂರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ರೊಟ್ಟಿಯ ಜೊತೆ ಕೆಂಪು ಚಟ್ನಿ ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಅದೇ ಸುಡತೊಡಗಿತೆಂದರೆ ಏನು ಹೇಳುವುದು!

ತೋರಿಸಿದ ವೈದ್ಯರು ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟರು. ಎಂಟು ತಿಂಗಳು ನುಂಗಿದೆ. ಬಾಯಿಯೊಳಗೆ ಬ್ಯಾಟರಿ ಹಾಕಿ ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಕೊನೆಗೆ ನಾನೇ ಮೊಬೈಲ್ ಬೆಳಕು ಹಿಡಿದು ಕನ್ನಡಿಯ ಮುಂದೆ ಬಾಯಿ ತೆರೆದೆ. ಎರಡೂ ಕೆನ್ನೆಗಳ ಒಳಗೆ ಬಿಳಿಯ ಸಣ್ಣ ಗೆರೆಗಳು, ಟೇಬಲ್ ಬಟ್ಟೆಯ ಅಂಚಿಗೆ ಹೆಣೆದ ಲೇಸಿನಂತೆ. ಎಡಗಡೆ ಗೆರೆಗಳ ನಡುವೆ ಸುಲಿದಂತೆ ಕೆಂಪು. ನೆಗೆಣ್ಣಿ ಇಣುಕಿ ನೋಡಿ, "ಗುಟ್ಕಾ ತಿನ್ನದವರಿಗೂ ಬರುತ್ತದಂತೆ ಅಕ್ಕಾ" ಎಂದಳು. ಏನು ಬರುತ್ತದೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಸತ್ತೂರಿನ ದಂತ ಕಾಲೇಜಿಗೆ ಹೋದೆವು. ನನ್ನ ಮಗಳ ವಯಸ್ಸಿನ ವೈದ್ಯೆ ನೋಡಿದ ಕೂಡಲೇ ಲೈಕೆನ್ ಪ್ಲೇನಸ್ ಇರಬೇಕೆಂದಳು. ಆದರೂ ಕೆಂಪಾದ ಕಡೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿದಳು. ನನಗೆ ಟೆಂಡರ್ ದಿನದ ಖರೀದಿದಾರರು ನೆನಪಾದರು. ಅವರೂ ಚೀಲಕ್ಕೆ ಕೈ ಹಾಕಿ ಮುಷ್ಟಿ ಕಾಯಿ ಹೊರತೆಗೆದು ದರ ಬರೆಯುತ್ತಾರೆ. ಮುಷ್ಟಿಯಲ್ಲಿ ಬಂದದ್ದು ಮುಷ್ಟಿಯ ಮಾತು, ಇಡೀ ಚೀಲದ್ದಲ್ಲ. ಅದನ್ನೇ ಕೇಳಿದೆ. ಅವಳು ನಕ್ಕು, "ಹೌದಮ್ಮಾ, ಅದಕ್ಕೇ ಮತ್ತೆ ಮತ್ತೆ ಬರಬೇಕು. ಬದಲಾದ ಜಾಗ ಕಂಡರೆ ಮತ್ತೆ ತೆಗೆಯುತ್ತೇವೆ" ಎಂದಳು.

ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಲೈಕೆನ್ ಪ್ಲೇನಸ್ ಅಂಟುರೋಗವಲ್ಲ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳು ಬಾಯಿಯ ಒಳಪದರದ ತಳದ ಜೀವಕೋಶಗಳ ಮೇಲೆಯೇ ಬೀಳುತ್ತವೆ. ಸತ್ತ ಕೋಶಗಳ ಜಾಗಕ್ಕೆ ಹೊಸವು ಹುಟ್ಟುತ್ತಲೇ ಇರಬೇಕು. ವರ್ಷಗಟ್ಟಲೆ ಇದೇ ನಡೆದರೆ ಎಲ್ಲೋ ಒಂದು ಕಡೆ ನಕಲು ತಪ್ಪಬಹುದು. ದಿನವಿಡೀ ಖಾತೆ ಬರೆಯುವವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹಾಗೆ ಕ್ಯಾನ್ಸರಿಗೆ ತಿರುಗುವುದು ವರ್ಷಗಳ ಅವಧಿಯಲ್ಲಿ ನೂರು ಜನರಲ್ಲಿ ಸುಮಾರು ಒಬ್ಬರಿಗೆ.

ಆ ಒಂದು ಅಂಕಿ ಹಿಡಿದು ತಿಂಗಳುಗಟ್ಟಲೆ ಒದ್ದಾಡಿದೆ. ಆಮೇಲೆ ಹೊಳೆಯಿತು, ಇದು ಪೇಟೆಯ ಸರಾಸರಿ ದರವಿದ್ದಂತೆ. ಯಾವ ಲಾಟೂ ಸರಾಸರಿಗೆ ಮಾರಾಟವಾಗುವುದಿಲ್ಲ. ಬರಿಯ ಬಿಳಿ ಗೆರೆಯಿದ್ದವರಿಗಿಂತ ಕೆಂಪಾಗಿ ಹುಣ್ಣಾದವರಿಗೆ, ನಾಲಿಗೆಯ ಮೇಲೆ ಆದವರಿಗೆ, ತಂಬಾಕು ಮದ್ಯದ ಚಟವಿದ್ದವರಿಗೆ, ಹೆಪಟೈಟಿಸ್ ಸಿ ಇದ್ದವರಿಗೆ ಅಪಾಯ ಹೆಚ್ಚು. ನನ್ನದು ಕೆಂಪು, ಆದರೆ ಚಟವಿಲ್ಲ. ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದಾರೆ. ಜಾಗವನ್ನು ಒರೆಸಿ ಒಣಗಿಸಿ ಹಚ್ಚಿ ಅರ್ಧ ಗಂಟೆ ಏನೂ ಬಾಯಿಗಿಡಬಾರದು. ಒಮ್ಮೆ ಅದರಿಂದಲೇ ಬಾಯಿಯಲ್ಲಿ ಬೂಷ್ಟು ಸೋಂಕಾಗಿ ಮತ್ತೊಂದು ಔಷಧ ಬೇಕಾಯಿತು. ಮುಲಾಮು ಉರಿ ಇಳಿಸುತ್ತದೆ. ಉರಿ ಇಳಿಯಿತೆಂದು ಆರು ತಿಂಗಳ ತಪಾಸಣೆ ತಪ್ಪಿಸುವಂತಿಲ್ಲ. ಎರಡು ವಾರಕ್ಕೂ ಮಾಯದ ಹುಣ್ಣು, ಬೆರಳಿಗೆ ಗಟ್ಟಿಯಾಗಿ ಸಿಗುವ ಜಾಗ ಕಂಡರೆ ತಾರೀಖಿಗೆ ಕಾಯದೆ ಬರಬೇಕೆಂದಿದ್ದಾರೆ, ನೋಯದಿದ್ದರೂ. ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿ ತಿನ್ನುತ್ತೇನೆ. ಸಾಹುಕಾರರ ಮನೆಯ ಊಟಕ್ಕೂ ಡಬ್ಬಿ ಒಯ್ಯುತ್ತೇನೆ, ಅವರು ಬೇಸರಪಟ್ಟುಕೊಂಡರೂ ಸರಿ.

ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಎರಡನೆಯ ಸಲ ಹೋದಾಗ ವೈದ್ಯೆ ನನ್ನನ್ನು ಬಿಟ್ಟು, ಬೆಂಚಿನ ಮೇಲೆ ಕುಳಿತಿದ್ದ ನಮ್ಮವರತ್ತ ತಿರುಗಿ, "ಯಜಮಾನರೇ, ನೀವೂ ಒಮ್ಮೆ ಬಾಯಿ ತೆಗೆಯಿರಿ" ಎಂದಳು. ಮೂರು ಬೆರಳು ನಿಲ್ಲಿಸಿ ಹಿಡಿದರೆ ಹಿಡಿಸಬೇಕಂತೆ. ಅವರಿಗೆ ಎರಡು ಬೆರಳೂ ಪೂರ್ತಿ ಹೋಗಲಿಲ್ಲ. ಕೆನ್ನೆಯ ಒಳಭಾಗ ಹಗ್ಗ ಎಳೆದಂತೆ ಬಿಗಿದು ಬೆಳ್ಳಗಾಗಿತ್ತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಕೊಂಡು ಅಂಗೈಯಲ್ಲೇ ಬೆರೆಸುತ್ತಿದ್ದರು. ತಂಬಾಕು ಬಿಟ್ಟು ಬರಿಯ ಅಡಿಕೆ ತಿಂದರೂ ಹೀಗೆ ಬಿಗಿಯುತ್ತದೆಂದು ಅವಳು ಹೇಳಿದಾಗ ಅವರು ನಂಬಲಿಲ್ಲ. ಅಡಿಕೆಯೊಂದೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಕ್ಯಾನ್ಸರಿಗೆ ತಿರುಗುವ ಲೆಕ್ಕ ಹೀಗೆ ಬಾಯಿ ಬಿಗಿಯುವ ರೋಗದಲ್ಲಿ ನನ್ನ ರೋಗಕ್ಕಿಂತ ಹಲವು ಪಟ್ಟು ಹೆಚ್ಚು. ನಾನು ನಿದ್ದೆಗೆಟ್ಟು ಅತ್ತ ರಾತ್ರಿಗಳಲ್ಲಿ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ ಮನುಷ್ಯ!

ವಾಪಸು ಬರುವಾಗ ಹಾವೇರಿ ದಾಟುವವರೆಗೂ ಮಾತಿಲ್ಲ. ಆಮೇಲೆ ಜೇಬಿನಿಂದ ಚೀಟಿಗಳನ್ನು ತೆಗೆದು ನನ್ನ ಕೈಗಿಟ್ಟರು. ಪೂರ್ತಿ ಬಿಟ್ಟಿದ್ದಾರೆಂದು ಬರೆದರೆ ಸುಳ್ಳಾಗುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಎರಡು ಸಲ ಸಿಕ್ಕಿಬಿದ್ದಿದ್ದಾರೆ. ಬೆಳಿಗ್ಗೆ ಮಾತ್ರ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸುವ ವ್ಯಾಯಾಮ ತಪ್ಪಿಸುವುದಿಲ್ಲ. ನಾನು ಹಳೆಯ ರೋಜ್‌ಕೀರ್ದಿಯ ಕೊನೆಯ ಹಾಳೆಗಳಲ್ಲಿ ಎರಡು ಖಾತೆ ತೆರೆದಿದ್ದೇನೆ. ಸೋಮವಾರದ್ದು ಹೀಗಿದೆ: "ನನ್ನದು: ಎಡಗೆನ್ನೆ ಕೆಂಪು ಕಡಿಮೆ, ಹುಣ್ಣಿಲ್ಲ. ಅವರದು: ಹದಿನೈದು ಕಡ್ಡಿ, ಹೋದ ವಾರಕ್ಕಿಂತ ಒಂದು ಜಾಸ್ತಿ."