ಸದ್ದಿಲ್ಲದ ಗಮನ ಕೊರತೆ

ಗಮನ ಕೊರತೆ ಎಂದೊಡನೆ ನಮ್ಮಂಥ ಶಿಕ್ಷಕರಿಗೆ ನೆನಪಾಗುವುದು ಕೂತಲ್ಲಿ ಕೂರದ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವ ಮಗು. ಆ ಮಗು ಹೇಗೂ ಎಲ್ಲರ ಕಣ್ಣಿಗೆ ಬೀಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಯಾರಿಗೂ ತೊಂದರೆ ಕೊಡದೆ, ಪುಸ್ತಕ ತೆರೆದಿಟ್ಟುಕೊಂಡೇ ಪಾಠದ ನಡುವೆ ಎಲ್ಲೋ ಕಳೆದುಹೋಗುವ ಮಗು. ಹೆಣ್ಣುಮಕ್ಕಳಲ್ಲಿ ಈ ಬಗೆ ಹೆಚ್ಚಾಗಿ ಕಂಡುಬರುವುದರಿಂದ ಅವರ ಕಷ್ಟ ಗುರುತಾಗುವುದು ಬಹಳ ತಡವಾಗಿ.

ಇಂಥ ಮಗುವಿನ ಲೆಕ್ಕದ ಪುಸ್ತಕವನ್ನು ಅಂಕ ಹಾಕುವ ಅವಸರವಿಲ್ಲದೆ ನೋಡಬೇಕು. ಕೂಡುವ ಲೆಕ್ಕಗಳೆಲ್ಲ ಸರಿಯಾಗಿರುತ್ತವೆ; ನಡುವೆ ಕಳೆಯುವ ಚಿಹ್ನೆ ಬಂದರೂ ಮಗು ಕೂಡುತ್ತಲೇ ಹೋಗಿರುತ್ತದೆ; ಹಾಳೆಯ ಹಿಂಬದಿಯಲ್ಲಿದ್ದ ಲೆಕ್ಕಗಳನ್ನು ಮುಟ್ಟಿಯೇ ಇರುವುದಿಲ್ಲ. ಪಕ್ಕದಲ್ಲಿ ಕೂತು ಅವನ್ನೇ ಒಂದೊಂದಾಗಿ ಕೇಳಿದರೆ ತಡವರಿಸದೆ ಉತ್ತರ ಹೇಳುತ್ತದೆ. ತಿಳಿದಿರುವುದಕ್ಕೂ ಮಾಡಿ ತೋರಿಸುವುದಕ್ಕೂ ಇರುವ ಈ ಅಂತರ ತಿಂಗಳುಗಟ್ಟಲೆ ಕಾಣುತ್ತಿದ್ದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಇಷ್ಟದ ಚಿತ್ರ ಬಿಡಿಸುವಾಗ ಗಂಟೆಗಟ್ಟಲೆ ಕೂರುತ್ತದಲ್ಲ ಎಂದು ಕೇಳುವವರಿದ್ದಾರೆ. ಮಗುವಿಗೆ ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕೆಂದಾಗ ಬೇಕಾದ ಕಡೆಗೆ ತಿರುಗಿಸುವ ಹಿಡಿತ ಕಡಿಮೆ.

ಹಾಗೆಂದು ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂಬ ತೀರ್ಮಾನ ಕೊಡುವುದು ಶಿಕ್ಷಕರ ಕೆಲಸವಲ್ಲ. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ, ಮಕ್ಕಳಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳ ಪೈಕಿ ಕನಿಷ್ಠ 6 ಲಕ್ಷಣಗಳು 6 ತಿಂಗಳಾದರೂ ಮುಂದುವರಿದಿರಬೇಕು, ಕೆಲವಾದರೂ 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ತೋರಬೇಕು. ಕಿವಿ ಮಂದವಾಗಿದ್ದರೂ, ನಿದ್ದೆ ಸಾಲದಿದ್ದರೂ, ಆತಂಕವಿದ್ದರೂ ಮಗು ಹೀಗೆಯೇ ಕಾಣಬಹುದು. ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನಿಂತುಬಿಡುವುದು ಒಂದು ಬಗೆಯ ಅಪಸ್ಮಾರವೂ ಇರಬಹುದು. ಆದ್ದರಿಂದ ಪೋಷಕರ ಮುಂದೆ ರೋಗದ ಹೆಸರು ಹೇಳುವುದಕ್ಕಿಂತ, ಯಾವ ದಿನ, ಯಾವ ಪಾಠದಲ್ಲಿ, ಏನಾಯಿತು ಎಂದು ಬರೆದಿಟ್ಟ ಟಿಪ್ಪಣಿ ಇಡುವುದು ಮೇಲು; ವೈದ್ಯರಿಗೂ ಅದೇ ಉಪಯೋಗಕ್ಕೆ ಬರುತ್ತದೆ.

ನೆರವು ಕೊಡಲು ವೈದ್ಯರ ವರದಿಗಾಗಿ ಕಾಯಬೇಕಿಲ್ಲ. "ಪುಸ್ತಕ ತೆಗೆಯಿರಿ, ಮೂರನೇ ಪ್ರಶ್ನೆ ಬಿಟ್ಟು ಉಳಿದದ್ದು ಬರೆಯಿರಿ, ಆಮೇಲೆ ಹೋಂವರ್ಕ್ ಗುರುತು ಹಾಕಿಕೊಳ್ಳಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ ದುರ್ಬಲವಾಗಿರುವ ಮಗುವಿಗೆ ಮೊದಲ ಮಾತಷ್ಟೇ ಉಳಿಯುತ್ತದೆ. ಒಂದು ಸೂಚನೆ ಕೊಟ್ಟು, ಅದು ಮುಗಿದ ಮೇಲೆ ಇನ್ನೊಂದನ್ನು ಕೊಡಬೇಕು. ಬೋರ್ಡಿನ ಮೇಲೂ ಬರೆದಿಡಬೇಕು. 20 ಲೆಕ್ಕಗಳನ್ನು ಐದೈದಾಗಿ ಕೊಟ್ಟು ಪ್ರತಿ ಸಲ ನೋಡಿದರೆ ಮೆಚ್ಚುಗೆಯೂ ತಿದ್ದುಪಡಿಯೂ ಆಗಿಂದಾಗಲೇ ಸಿಗುತ್ತವೆ. ವಾರದ ಕೊನೆಗೆ ಸಿಗುವ ಬಹುಮಾನ ಈ ಮಕ್ಕಳಿಗೆ ತೀರಾ ದೂರದ್ದು. ಕಿಟಕಿ, ಬಾಗಿಲುಗಳಿಂದ ದೂರ, ಶಿಕ್ಷಕರಿಗೆ ಹತ್ತಿರ ಕೂರಿಸುವುದು ಒಳ್ಳೆಯದು, ಆದರೆ ಅದು ಶಿಕ್ಷೆಯೆಂದು ಅನ್ನಿಸಬಾರದು. ಬರೆದು ಮುಗಿಸಲಿಲ್ಲವೆಂದು ಆಟದ ಬಿಡುವನ್ನು ಕಸಿಯುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಮೈ ಕೈ ಆಡಿಸಲು ಅವಕಾಶ ಎಲ್ಲರಿಗಿಂತ ಹೆಚ್ಚು ಬೇಕಿರುವುದು ಈ ಮಕ್ಕಳಿಗೇ.

ಔಷಧ ಬೇಕೇ ಎಂಬುದು ವೈದ್ಯರು ಮತ್ತು ಪೋಷಕರು ಕೂಡಿ ನಿರ್ಧರಿಸುವ ವಿಷಯ. ಔಷಧ ತೆಗೆದುಕೊಳ್ಳುವ ಮಗುವಿಗೂ ಮೇಲಿನ ನೆರವೆಲ್ಲ ಬೇಕೇ ಬೇಕು. "ಇವತ್ತು ಮಾತ್ರೆ ನುಂಗಿಲ್ಲವೇ?" ಎಂಬ ಪ್ರಶ್ನೆಯನ್ನು ಮಾತ್ರ ಉಳಿದ ಮಕ್ಕಳೆದುರು ಯಾವ ಶಿಕ್ಷಕರೂ ಕೇಳದಿರಲಿ.