ಬರಬಹುದು ಅಂದ್ರೆ ಎಷ್ಟು ಬರಬಹುದು
ನಿನ್ನೆ ಸಂಜೆ ಶಿರಸಿ ಬಸ್‌ಸ್ಟ್ಯಾಂಡಲ್ಲಿ ಕುಮಟಾ ಬಸ್ಸಿಗೆ ಕಾಯ್ತಾ ಕೂತಿದ್ವಿ, ದೇವಿಮನೆ ಘಟ್ಟದಲ್ಲಿ ಜೋರು ಮಳೆಯಂತೆ. ಹತ್ತನೇ ಕ್ಲಾಸಿನ ಅಕ್ಕನ ಮಗಳು ಇಂಗ್ಲಿಷ್ ನೋಟ್‌ಬುಕ್ ತೆಗೆದು ನನ್ನ ಮಡಿಲಿಗೆ ಹಾಕಿದ್ಲು. ‘ಆಲ್‌ದೋ ಇಟ್ ಈಸ್ ರೇನಿಂಗ್, ಬಟ್ ದ ಬಸ್ ಮೈಟ್ ಕಮ್ಸ್’. ಎರಡು ಕಡೆ ಕೆಂಪು ಗೀಟು. ‘ಎಂತ ತಪ್ಪು ಮಾವಾ?’

ಆಲ್‌ದೋ ಬಂದ್ಮೇಲೆ ಬಟ್ ಬೇಡ, ಎರಡರಲ್ಲಿ ಒಂದು ಸಾಕು. ಮೈಟ್ ಆದ್ಮೇಲೆ ಬರೀ ಕಮ್, ಎಸ್ ಬಾಲ ಇಲ್ಲ, ಹಿಂದೆ ಬಟ್ ಇರ್ಲಿ ಆಲ್‌ದೋ ಇರ್ಲಿ ಅದು ಬದಲಾಗೂದಿಲ್ಲ. ಇಷ್ಟು ಹೇಳಿದೆ, ಆದ್ರೆ ತಲೇಲಿ ಉಳಿದಿದ್ದು ಬೇರೆ, ನಾವು ‘ಮಳೆ ಬಂದ್ರೂ’ ಅಂತ ಕೊನೇಲಿ ಒಂದು ಊ ಹಚ್ಚಿ ಇಡೀ ಆಲ್‌ದೋ ಮುಗಿಸಿಬಿಡ್ತೇವೆ, ‘ಬಹುದು’ ಅನ್ನೋ ಒಂದೇ ಚೀಲದಲ್ಲಿ ಕ್ಯಾನ್, ಮೇ, ಮೈಟ್ ಎಲ್ಲಾ ತುಂಬ್ತೇವೆ, ಗ್ಯಾರಂಟಿನಾ ಡೌಟಾ ಅನ್ನೋದು ಹೇಳೋರ ಮುಖ ನೋಡೇ ತಿಳೀಬೇಕು.

‘ಕಂಟ್ರೋಲರ್ರು ಬಸ್ ಬರಬಹುದು ಅಂದ್ರಲ್ಲ, ಅದು ಕ್ಯಾನಾ ಮೈಟಾ?’ ಕೇಳಿದೆ.

‘ಮೈಟೇ ಮಾವಾ. ತಲೆ ಎತ್ಲೇ ಇಲ್ಲ ಅವ್ರು.’