ಕಾಲಿನ ಬಣ್ಣ ನೋಡಿ ಮೋಸಹೋದೆ

ಹೇಮಾವತಿಯ ಹಿನ್ನೀರು ಇಳಿಯುವುದನ್ನು ನಾನು ಪ್ರತಿ ಚಳಿಗಾಲವೂ ಕಾಯುತ್ತೇನೆ. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಬುಡದಿಂದ ನೀರು ಸರಿದಂತೆಲ್ಲ ಕೆಸರಿನ ಅಂಚು ತೆರೆದುಕೊಳ್ಳುತ್ತದೆ. ಹಾಸನದಿಂದ ಬರುವವರು ಚರ್ಚಿನತ್ತ ಹೋದರೆ ನಾನು ಅದಕ್ಕೆ ಬೆನ್ನು ಮಾಡಿ, ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿಗಳ ಚಿತ್ರ ತೆಗೆಯಲು ಕೆಸರಿನತ್ತ ನಡೆಯುತ್ತೇನೆ.

ಕಳೆದ ಭಾನುವಾರ ಮಂಜು ಕರಗುವ ಮೊದಲೇ ಗೋಣಿಚೀಲ ಹಾಸಿ ಬೋರಲು ಮಲಗಿದ್ದೆ. ಲೆನ್ಸ್‌ಗೆ ಆಸರೆ, ಅಮ್ಮ ಹೊಲಿದುಕೊಟ್ಟ ಬಟ್ಟೆ ಚೀಲ. ಒಳಗೆ ಎರಡು ಸೇರು ರಾಗಿ. ಗುಬ್ಬಚ್ಚಿ ಗಾತ್ರದ ಈ ಹಕ್ಕಿಗಳನ್ನು ನಿಂತು ತೆಗೆದರೆ ಬೆನ್ನು, ಕೆಸರು ಎರಡೇ ಸಿಗುತ್ತವೆ. ಅವುಗಳ ಕಣ್ಣಿನ ಮಟ್ಟಕ್ಕೆ ಇಳಿದರೆ ಮಾತ್ರ ಮುಖ ಕಾಣುತ್ತದೆ.

ಅರ್ಧ ಗಂಟೆಯಲ್ಲಿ ಏಳು ಸ್ಟಿಂಟ್‌ಗಳು ಬಂದವು. ಲಿಟಲ್ ಸ್ಟಿಂಟ್‌ನ ಕಾಲು ಕಪ್ಪು, ಟೆಮ್ಮಿಂಕ್ ಸ್ಟಿಂಟ್‌ನದು ಹಸಿರು ಬೆರೆತ ಹಳದಿ ಎಂದು ಓದಿದ್ದೇನೆ. ಎಲ್ಲವೂ ಕಪ್ಪಾಗಿದ್ದವು. ಲಿಟಲ್ ಸ್ಟಿಂಟ್ ಎಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಆದರೆ ಒಂದರ ನಡಿಗೆ ಕಾಡತೊಡಗಿತು. ಉಳಿದವು ಗಡಿಬಿಡಿಯಿಂದ ಓಡಾಡಿ ಕುಕ್ಕುತ್ತಿದ್ದರೆ, ಅದು ಮೈ ಕುಗ್ಗಿಸಿಕೊಂಡು, ತೆವಳಿದಂತೆ, ಹುಲ್ಲಿನ ಅಂಚಿನಲ್ಲಿ ನಿಧಾನವಾಗಿ ಹೆಕ್ಕುತ್ತಿತ್ತು. ಕಾಲಿಗೆ ಮೆತ್ತಿದ್ದು ಕೆಸರಿರಬಹುದೇ?

ಅಷ್ಟರಲ್ಲಿ ಒಂದು ಜೀಪು ಒಣಗಿದ ನೆಲದ ಮೇಲೆ ನೇರವಾಗಿ ನೀರಿನವರೆಗೆ ಬಂತು. ಹಕ್ಕಿಗಳು ಒಟ್ಟಿಗೆ ಎದ್ದವು. ನಾನು ಗುರಿಯಿಲ್ಲದೆ ಕ್ಲಿಕ್ಕಿಸಿದೆ. ಮನೆಗೆ ಬಂದು ಹಿಗ್ಗಿಸಿ ನೋಡಿದರೆ, ಮಸುಕಾದ ಒಂದು ಚಿತ್ರದಲ್ಲಿ ಬಾಲದ ಎರಡೂ ಅಂಚು ಅಚ್ಚ ಬಿಳಿ. ಟೆಮ್ಮಿಂಕ್! ಲಿಟಲ್ ಸ್ಟಿಂಟ್‌ಗೆ ಅಲ್ಲಿರುವುದು ಬೂದು ಬಣ್ಣ. ಸೈಬೀರಿಯಾದಂಥ ಉತ್ತರದ ಶೀತನಾಡುಗಳಲ್ಲಿ ಮರಿ ಮಾಡುವ, 25 ಗ್ರಾಂ ಆಸುಪಾಸಿನ ಜೀವ ನಮ್ಮ ಜಿಲ್ಲೆಯ ಕೆಸರಿನಲ್ಲಿ ಹುಳು ಹೆಕ್ಕುತ್ತಿತ್ತು. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಜೀಪಿನಿಂದಲೇ ಆ ಚಿತ್ರ ಸಿಕ್ಕಿತು, ನಿಜ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಬೇಸಿಗೆಯಲ್ಲಿ ಇಂಥದೇ ಹರಳು ನೆಲದಲ್ಲಿ ಲಿಟಲ್ ರಿಂಗ್ಡ್ ಪ್ಲವರ್ ಮೊಟ್ಟೆಯಿಡುತ್ತದೆ. ಕಣ್ಣಿನ ಸುತ್ತ ಹಳದಿ ಬಳೆ ತೊಟ್ಟ ಹಕ್ಕಿ ಅದು. ಗೂಡೆಂದರೆ ನೆಲದಲ್ಲೊಂದು ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ನನ್ನ ಕಣ್ಣಿಗೇ ತಿಳಿಯುವುದಿಲ್ಲ, ಚಕ್ರಕ್ಕೆ ತಿಳಿಯುತ್ತದೆಯೇ? ದಯವಿಟ್ಟು ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಉಳಿದ ದಾರಿ ನಡೆದು ಬನ್ನಿ.

ಮಾರ್ಚ್ ಬಂದ ಮೇಲೆ ನಾನೂ ಆ ಹರಳಿಗೆ ಇಳಿಯುವುದಿಲ್ಲ. ರಾಗಿ ಚೀಲ ಮನೆಯಲ್ಲಿರುತ್ತದೆ. ದಡದ ಮೇಲೆ ಕುಳಿತು ದುರ್ಬೀನಿನಲ್ಲಿ ನೋಡುತ್ತೇನೆ.